ಹುಲ್ಲಿಗಷ್ಟೇ ಮಾತಾಡಿ: ಶಿರಸಿ–ಕುಮಟಾ ಸೀಮೆಯಲ್ಲಿ ದನಗಳಿಗೆ ಹೆಚ್ಚುವರಿ ಮೇವಿನ ಜಾಗ ಹಿಡಿಯುವ ಬಗೆ

ಉತ್ತರ ಕನ್ನಡದಲ್ಲಿ ಹಸಿರಿಗೆ ಬರವಿಲ್ಲ, ಮೇವಿಗೆ ಮಾತ್ರ ಬರ. ಜಿಲ್ಲೆಯ ಮುಕ್ಕಾಲು ಪಾಲಿಗೂ ಹೆಚ್ಚು ನೆಲ ಅರಣ್ಯದ ಲೆಕ್ಕಕ್ಕೆ ಸೇರಿದೆ. ಹಿಂದೆ ದನ ಮೇಯುತ್ತಿದ್ದ ಬೇಣಗಳಲ್ಲಿ (ಹುಲ್ಲುಗಾವಲುಗಳಲ್ಲಿ) ಎಷ್ಟೋ ಕಡೆ ಅಕೇಶಿಯಾ ಎದ್ದಿದೆ, ಅದರ ತರಗೆಲೆಯ ಅಡಿಯಲ್ಲಿ ಹುಲ್ಲು ತಲೆ ಎತ್ತುವುದಿಲ್ಲ. ಅದೇ ಊರಿನಲ್ಲಿ ಆಳು ಸಿಗದೆ, ಹಂದಿ–ಮಂಗಗಳ ಕಾಟ ತಾಳಲಾರದೆ ನಾಟಿ ನಿಲ್ಲಿಸಿದ ಗದ್ದೆಗಳಲ್ಲಿ ಸೊಂಟದೆತ್ತರದ ಹುಲ್ಲು ಒಣಗಿ ಹೋಗುತ್ತಿರುತ್ತದೆ. ಮಾಲೀಕರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ನಾಲ್ಕು ದನಗಳನ್ನು ಆರು ಮಾಡಬೇಕೆಂದಿರುವವರಿಗೆ ದಾರಿ ಇಂಥ ನೆಲದಲ್ಲಿಯೇ ಇದೆ. ಆದರೆ ಅದನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಹುಲ್ಲೂ ಇಲ್ಲ, ನೆರೆಹೊರೆಯೂ ಇಲ್ಲ ಎನ್ನುವಂತಾಗುತ್ತದೆ.

ಮೊದಲು ಎಷ್ಟು ಬೇಕು ಎಂದು ತೂಗಿ ನೋಡಿ

"ಎರಡು ಎಕರೆ ಸಿಕ್ಕರೆ ಸಾಕು" ಎನ್ನುವುದು ಲೆಕ್ಕವಲ್ಲ. ಎಕರೆ ಅಳೆಯುವುದು ನೆಲವನ್ನು, ನಿಮಗೆ ಬೇಕಾದದ್ದು ಹುಲ್ಲಿನ ತೂಕ. ಮೀಟರ್ ಉದ್ದದ ನಾಲ್ಕು ಬಿದಿರ ಕಡ್ಡಿಗಳನ್ನು ಚೌಕವಾಗಿ ಕಟ್ಟಿಕೊಂಡು ಹೋಗಿ. ನೋಡಿದ ಜಾಗದಲ್ಲಿ ನಾಲ್ಕೈದು ಕಡೆ ಅದನ್ನು ನೆಲಕ್ಕಿಟ್ಟು, ಮೂರು ಬೆರಳಿನ ಎತ್ತರ ಬಿಟ್ಟು, ಒಳಗಿನ ಹುಲ್ಲನ್ನು ಕೊಯ್ದು ತೂಗಿ. ಹುಲ್ಲು ಸೊಂಪಾಗಿರುವ ಕಡೆ ಮಾತ್ರ ಚೌಕ ಇಡುವುದು ನಮ್ಮೆಲ್ಲರ ಕೈಯ ಚಟ. ಬೋಳು ಜಾಗದಲ್ಲಿಯೂ ಇಡಬೇಕು. ಮಳೆ ನೀರು ಅಂಟಿಕೊಂಡಿದ್ದರೆ ತೂಕ ಮೋಸ ಮಾಡುತ್ತದೆ, ಬಿಸಿಲು ಬಿದ್ದ ಮಧ್ಯಾಹ್ನ ಹೋಗುವುದು ಒಳ್ಳೆಯದು.

ಸರಾಸರಿ ಅರ್ಧ ಕಿಲೋ ಬಂತೆನ್ನಿ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್, ಅಲ್ಲಿಗೆ ಗುಂಟೆಗೆ 50 ಕಿಲೋ. ಅದರಲ್ಲಿ ಅರ್ಧ ತುಳಿತಕ್ಕೆ, ಸಗಣಿ ಬಿದ್ದು ದನ ಮೂಸದೆ ಬಿಡುವುದಕ್ಕೆ, ಮತ್ತೆ ಚಿಗುರಲು ಬೇಕಾದ ಬುಡಕ್ಕೆ ಹೋಗುತ್ತದೆ. ಉಳಿಯುವುದು 25 ಕಿಲೋ. ಮುನ್ನೂರೈವತ್ತು ಕಿಲೋ ತೂಗುವ ಜರ್ಸಿ ಮಿಶ್ರತಳಿಯ ಹಸುವಿಗೆ ಹಸಿ ಹುಲ್ಲೊಂದನ್ನೇ ಕೊಡುವುದಾದರೆ ದಿನಕ್ಕೆ 35ರಿಂದ 40 ಕಿಲೋ ಬೇಕು. ಕೊಟ್ಟಿಗೆಯಲ್ಲಿ ಒಣಹುಲ್ಲು, ಹಿಂಡಿ ಕೊಡುತ್ತಿದ್ದರೆ ಮೇಯುವುದರಿಂದ ಇಪ್ಪತ್ತು ಕಿಲೋ ಬಂದರೂ ನಡೆಯುತ್ತದೆ. ಅಂದರೆ ಒಂದು ಗುಂಟೆ ಒಂದು ಜರ್ಸಿಗೆ ಹೆಚ್ಚುಕಡಿಮೆ ಒಂದು ದಿನದ ಮೇವು. ಮಲೆನಾಡು ಗಿಡ್ಡವಾದರೆ ಅಷ್ಟರಲ್ಲಿ ಎರಡು ಮೇಯುತ್ತವೆ. ಒಂದು ಎಕರೆಯ ನಲವತ್ತು ಗುಂಟೆ ನಾಲ್ಕು ಜರ್ಸಿಗಳಿಗೆ ಹತ್ತು ದಿನಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ತಿಂಗಳೊಳಗೆ ಮತ್ತೆ ಚಿಗುರುವುದರಿಂದ ಮೂರು ಎಕರೆಯನ್ನು ಮೂರು ಭಾಗ ಮಾಡಿಕೊಂಡು ಸುತ್ತಿಸಬಹುದು. ಜನವರಿ ದಾಟಿದ ಮೇಲೆ ಚಿರೆಕಲ್ಲಿನ ಬೇಣದಲ್ಲಿ ಈ ಸುತ್ತು ನಡೆಯುವುದಿಲ್ಲ. ಆಗ ಏನಿದ್ದರೂ ಒಂದೇ ಮೇವು, ಇಲ್ಲವೇ ಮೊದಲೇ ಕೊಯ್ದು ಒಟ್ಟಿದ ಕರಡ, ಎಂದರೆ ಬೇಣದ ಒಣಹುಲ್ಲು.

ಆದ್ದರಿಂದ ನಿಮಗೆ ಕೊರತೆ ಬೀಳುವುದು ಯಾವ ತಿಂಗಳಿನಲ್ಲಿ ಎಂದು ಮೊದಲು ನಿಶ್ಚಯ ಮಾಡಿಕೊಳ್ಳಿ. ಫೆಬ್ರವರಿಯಿಂದ ಮೇವರೆಗಿನ ಕೊರತೆಗೆ ಬೇಣ ಹಿಡಿದು ದನ ಹೊಡೆಯುವುದಕ್ಕಿಂತ, ದೀಪಾವಳಿ ಕಳೆದ ಮೇಲೆ ಅದೇ ಬೇಣದ ಕರಡ ಕೊಯ್ದು ಕುತ್ರಿ (ಬಣವೆ) ಹಾಕುವುದು ಮೇಲು.

ಯಾವ ನೆಲ, ಯಾವುದಕ್ಕೆ ಕೈ ಹಾಕಬಾರದು

ಹುಡುಕಬೇಕಾದದ್ದು ಮಾಲ್ಕಿ (ಖಾಸಗಿ ಒಡೆತನದ) ಜಾಗವನ್ನು: ಮಾಲ್ಕಿ ಬೇಣ, ಮನೆಯ ಹಿಂದಿನ ಹಕ್ಕಲು, ಬೀಳು ಬಿದ್ದ ಮಕ್ಕಿ (ಮಳೆಯಾಶ್ರಿತ) ಗದ್ದೆ, ತೆಂಗಿನ ತೋಟ, ಗೇರು ಹಾಕಿದ ಗುಡ್ಡ. ಇವುಗಳಲ್ಲಿ ನನ್ನ ಮೆಚ್ಚಿನದು ಗೇರು. ಫಸಲಿಗೆ ಮೊದಲು ಬುಡದ ಹುಲ್ಲು ಸವರಿಸಲು ಮಾಲೀಕರು ಹೇಗೂ ಕೂಲಿ ಕೊಡಬೇಕು, ನಿಮ್ಮ ದನ ಆ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಮರಗಳು ದೊಡ್ಡವಾಗಿರಬೇಕು ಅಷ್ಟೇ, ಎಳೆಯ ಕಸಿ ಗಿಡಗಳಿದ್ದರೆ ದನ ಮುರಿದು ಹಾಕುತ್ತವೆ. ಹಣ್ಣು ಬೀಳಲು ಶುರುವಾಗುವ ಮೊದಲು ಜಾಗ ಖಾಲಿ ಮಾಡಬೇಕು, ಬೀಜ ಹೋಯಿತೆಂಬ ದೂರು ಬಂದರೆ ಮರುವರ್ಷ ಯಾರೂ ಒಳಗೆ ಬಿಡುವುದಿಲ್ಲ.

ಅಡಿಕೆ ತೋಟದೊಳಗೆ ದನ ಬಿಡುವ ಮಾತೇ ಇಲ್ಲ, ಅಂಚಿನ ಹುಲ್ಲು ಕೊಯ್ದು ತರಲು ಕೇಳಬಹುದು. ಆಗ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಯಾವಾಗ ಹೊಡೆದರು ಎಂದು ವಿಚಾರಿಸಿ. ಮೈಲುತುತ್ತದ ನೀಲಿ ಕಲೆ ಎಲೆಯ ಮೇಲೆ ಕಾಣುತ್ತಿರುವಷ್ಟು ದಿನ ಆ ಹುಲ್ಲು ಬೇಡ, ಒಂದೆರಡು ದೊಡ್ಡ ಮಳೆ ತೊಳೆಯಲಿ. ಕಳೆನಾಶಕ ಹೊಡೆದ ಜಾಗವಾದರೆ ಆ ಹಂಗಾಮಿಗೆ ಅದನ್ನು ಮರೆತುಬಿಡಿ.

ಕರಾವಳಿಯ ಸ್ಥಿತಿ ಬೇರೆ. ಭತ್ತ ಕೊಯ್ದ ಮೇಲೆ ಬಯಲಿಗೆ ದನ ಬಿಡುವ ಹಳೆಯ ರೂಢಿಯನ್ನು ನಂಬಿಕೊಂಡು ಹೋಗಬೇಡಿ. ಕುಮಟಾ, ಹೊನ್ನಾವರ, ಅಂಕೋಲಾ ಬದಿಯಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಶೇಂಗಾ, ಕಲ್ಲಂಗಡಿ, ತರಕಾರಿ, ಸಿಹಿ ಈರುಳ್ಳಿ ಏಳುತ್ತವೆ, ಒಂದು ಗದ್ದೆಯ ಬೆಳೆಗೂ ಪಕ್ಕದ ಗದ್ದೆಯ ಕೂಳೆಗೂ ನಡುವೆ ಒಂದು ಅಂಚು ಮಾತ್ರ. ಅಘನಾಶಿನಿ ಅಳಿವೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಹುಲ್ಲು ಕಂಡರೂ ಕುಡಿಯಲು ಸಿಹಿನೀರು ಇರುವುದಿಲ್ಲ, ಕಗ್ಗ ಭತ್ತ ಕೊಯ್ದ ಮೇಲೆ ಉಪ್ಪುನೀರು ಒಳಗೆ ಬಿಡುತ್ತಾರೆ. ಕಾರವಾರ ಮತ್ತು ಅಂಕೋಲಾದ ನಡುವೆ ಸೀಬರ್ಡ್ ನೌಕಾನೆಲೆಗೆ ಹೋದ ಜಮೀನು ಕಳೆದು ಉಳಿದ ಬಯಲು ಮೊದಲೇ ಚಿಕ್ಕದು. ಅಲ್ಲಿ ಮೇಯಿಸುವುದಕ್ಕಿಂತ ತೆಂಗಿನ ತೋಟಗಳಿಂದ ಕೊಯ್ದು ತರುವುದೇ ಸಲೀಸು.

ಇನ್ನು ಬಾಡಿಗೆಗೆ ಹಿಡಿಯಬಾರದ ನೆಲ. ಸೊಪ್ಪಿನ ಬೆಟ್ಟ ತೋಟದವರ ಹೆಸರಿನಲ್ಲಿದ್ದರೂ ಅವರಿಗಿರುವುದು ತಮ್ಮ ತೋಟಕ್ಕಾಗಿ ಸೊಪ್ಪು, ದರಕು (ಒಣ ತರಗೆಲೆ), ಹುಲ್ಲು ತರುವ ಸವಲತ್ತು ಮಾತ್ರ, ನೆಲ ಸರ್ಕಾರದ್ದು. ಅದನ್ನು ಇನ್ನೊಬ್ಬರಿಗೆ ದುಡ್ಡಿಗೆ ಕೊಡಲು ಅವರಿಗೆ ಬರುವುದಿಲ್ಲ. ಗೋಮಾಳದ್ದು ಇನ್ನೊಂದು ಬಗೆ. ನೂರು ಜಾನುವಾರಿಗೆ 12 ಹೆಕ್ಟೇರ್ ಮೇವಿನ ನೆಲ ಮೀಸಲಿರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ, ಅಲ್ಲಿ ಮೇಯಿಸುವ ಹಕ್ಕು ಆಯಾ ಊರಿನ ದನಗಳಿಗೆ ಪುಕ್ಕಟೆಯಾಗಿ ಇದೆ. ನಿಮ್ಮೂರಿನದಾದರೆ ಯಾರಿಗೂ ಕಾಸು ಕೊಡಬೇಕಿಲ್ಲ, ಬೇರೆ ಊರಿನದಾದರೆ ಕಾಸು ಕೊಟ್ಟರೂ ಹಕ್ಕು ಬರುವುದಿಲ್ಲ. ಅರಣ್ಯ ಅತಿಕ್ರಮಣದ ಜಾಗ ನಮ್ಮ ಜಿಲ್ಲೆಯಲ್ಲಿ ಮನೆಮನೆಯ ಸಂಗತಿ. ಅನುಭೋಗಿಸುತ್ತಿರುವವರು ಎಷ್ಟೇ ಸಜ್ಜನರಾದರೂ ಅವರ ಅರ್ಜಿಯೇ ಇತ್ಯರ್ಥವಾಗದಿರುವಾಗ ನೀವು ದನ ತಂದು ಕಟ್ಟಿದರೆ ಇಬ್ಬರಿಗೂ ತೊಂದರೆ.

ಯಾರನ್ನು ಕೇಳುವುದು

ಹಾಲಿನ ಸೊಸೈಟಿಯಿಂದ ಶುರು ಮಾಡಿ. ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಯಾರು ದನ ಮಾರಿದರು, ಯಾರ ಮನೆಯಲ್ಲಿ ಮುದುಕರಿಬ್ಬರೇ ಉಳಿದರು ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ದನ ಮಾರಿದ ಮನೆಯ ಬೇಣವೇ ನಿಮಗೆ ಹೆಚ್ಚು ಸೂಕ್ತ: ಬೇಲಿ, ದಣಪೆ (ಗಳುಗಳ ಬಾಗಿಲು), ನೀರಿನ ಜಾಗ ಎಲ್ಲ ಇರುತ್ತದೆ, ಮೇವಿನ ಬೆಲೆಯೂ ಅವರಿಗೆ ಗೊತ್ತಿರುತ್ತದೆ. ಕೃತಕ ಗರ್ಭಧಾರಣೆಗೆ ಮನೆಮನೆ ತಿರುಗುವವರು, ಕರಡ ಕೊಯ್ಯುವ ಆಳುಗಳು, ಗೇರು ಫಸಲಿನ ಗುತ್ತಿಗೆದಾರರು ಇವರಿಗೂ ಊರಿನ ಮೂಲೆಮೂಲೆ ತಿಳಿದಿರುತ್ತದೆ. ಯಲ್ಲಾಪುರ, ಮುಂಡಗೋಡದ ಕಡೆಯವರಾದರೆ ದನ ಸಾಕುವ ಗೌಳಿಗರನ್ನು ಕೇಳಿ. ಯಾವ ಇಳಿಜಾರಿನ ಹುಲ್ಲು ಯಾವ ತಿಂಗಳಿನವರೆಗೆ ನಿಲ್ಲುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ.

ಹೊರಗಿರುವ ಮಾಲೀಕರಿಗೆ ಫೋನಿನಲ್ಲಿ ಮೊದಲ ಮಾತು ಬೇಡ. ಫೋನಿನಲ್ಲಿ "ನೋಡೋಣ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಚೌತಿಗೋ ದೀಪಾವಳಿಗೋ ಊರಿಗೆ ಬಂದಾಗ ಹೋಗಿ. ದೊಡ್ಡಹಬ್ಬದ (ದೀಪಾವಳಿಯ) ಗೋಪೂಜೆಯ ದಿನ ತಮ್ಮ ಕೊಟ್ಟಿಗೆ ಖಾಲಿ ಇರುವ ಮನೆಯವರ ಮನಸ್ಸು ಮೆತ್ತಗಿರುತ್ತದೆ ಎಂಬುದು ನನ್ನ ಅನುಭವ. ಇದನ್ನು ತಂತ್ರ ಎಂದು ಬೇಕಾದರೆ ಕರೆಯಿರಿ. ಅಣ್ಣತಮ್ಮಂದಿರು ಒಟ್ಟಿಗೆ ಸಿಗುವುದೂ ಆಗಲೇ. ಬೇಣದ ಹುಲ್ಲು ತೂಗಿ ನೋಡಲು ಸರಿಯಾದ ಕಾಲವೂ ಅದೇ.

ಒಮ್ಮೆ ನಡೆದು ನೋಡಿ

ಮಾಲೀಕರ ಜೊತೆ ಗಡಿಯುದ್ದಕ್ಕೂ ನಡೆಯಿರಿ. ಅಗಳ (ಗಡಿಯ ಕಂದಕ) ಎಲ್ಲಿ ಮುಚ್ಚಿದೆ, ಪಾಗಾರ (ಗೋಡೆ) ಎಲ್ಲಿ ಕುಸಿದಿದೆ, ದಣಪೆಯ ಗಳು ಗೆದ್ದಲು ಹಿಡಿದಿದೆಯೇ ನೋಡಿ. ರಿಪೇರಿ ಯಾರ ಪಾಲು ಎಂಬುದನ್ನು ಆ ಜಾಗದಲ್ಲಿಯೇ ನಿಂತು ಮಾತಾಡಿ. ಮನೆಗೆ ಬಂದು ಚಹಾ ಕುಡಿಯುವಾಗ ಆ ಮಾತು ಎತ್ತಿದರೆ ಎಲ್ಲವೂ "ಆಗ್ತದೆ ಬಿಡಿ" ಎಂದಾಗಿರುತ್ತದೆ.

ನೀರು ನೋಡುವುದು ಅಕ್ಟೋಬರ್‌ನಲ್ಲಲ್ಲ. ಆಗ ಎಲ್ಲ ಹಳ್ಳದಲ್ಲಿಯೂ ನೀರಿರುತ್ತದೆ. "ಶಿವರಾತ್ರಿಗೆ ಈ ಹಳ್ಳ ಹೇಗಿರುತ್ತದೆ" ಎಂದು ಮಾಲೀಕರನ್ನಲ್ಲ, ಕೆಳಗಿನ ತೋಟದವರನ್ನು ಕೇಳಿ. ಹಾಲು ಕೊಡುವ ಮಿಶ್ರತಳಿಗೆ ಬೇಸಗೆಯಲ್ಲಿ ದಿನಕ್ಕೆ ಅರುವತ್ತು ಲೀಟರ್ ನೀರು ಬೇಕಾಗುವುದುಂಟು, ಹೊತ್ತು ತರುವ ಲೆಕ್ಕ ಅದಲ್ಲ.

ಆಮೇಲೆ ದಾರಿ. ಕೊಟ್ಟಿಗೆಯಿಂದ ಬೇಣಕ್ಕೆ ಹೋಗುವಾಗ ಯಾರ ಅಂಗಳ, ಯಾರ ತೋಟದ ಅಂಚು, ಯಾವ ರಸ್ತೆ ಸಿಗುತ್ತದೆ? ಕರಾವಳಿಯಲ್ಲಿ ಚತುಷ್ಪಥವಾದ ರಾಷ್ಟ್ರೀಯ ಹೆದ್ದಾರಿ 66 ಮನೆಯನ್ನೂ ಗದ್ದೆಯನ್ನೂ ಸೀಳಿಕೊಂಡು ಹೋಗಿದೆ, ಅದರಾಚೆಗೆ ಕೊಂಕಣ ರೈಲು ಹಳಿ. ಇವೆರಡರಲ್ಲಿ ಒಂದನ್ನು ದಿನಾ ದಾಟಿಸಬೇಕಾದ ಜಾಗ ಪುಕ್ಕಟೆ ಸಿಕ್ಕರೂ ನಾನು ಒಲ್ಲೆ. ಹಾಲು ಕರೆಯುವ ಹಸುಗಳನ್ನು ದೂರದ ಜಾಗಕ್ಕೆ ಹೊಡೆಯುವುದೂ ದಂಡ. ಹೋಗಿ ಬರುವ ಏರುಇಳಿತದಲ್ಲಿ ತಿಂದದ್ದು ಕರಗಿ ಹಾಲಿನಲ್ಲಿ ಕಾಣುವುದಿಲ್ಲ. ದೂರದ ಬೇಣ ಏನಿದ್ದರೂ ಕಡಸುಗಳಿಗೆ, ಬತ್ತಿದ ದನಗಳಿಗೆ, ಗಿಡ್ಡಗಳಿಗೆ.

ಹುಲ್ಲಿನ ನಡುವೆ ಲಂಟಾನ, ಯುಪಟೋರಿಯಂ ಕಳೆ ಎಷ್ಟು ಹಬ್ಬಿದೆ ಎಂಬುದನ್ನು ಅಂದಾಜು ಮಾಡಿ, ಅಷ್ಟು ಭಾಗವನ್ನು ವಿಸ್ತೀರ್ಣದಿಂದ ಕಳೆಯಿರಿ. ಯುಪಟೋರಿಯಂ ಅನ್ನು ದನ ಮುಟ್ಟುವುದಿಲ್ಲ. ಲಂಟಾನವನ್ನು ಹಸಿವಿನಲ್ಲಿ ತಿಂದರೆ ಯಕೃತ್ತು ಕೆಟ್ಟು, ಬಿಸಿಲು ಬಿದ್ದ ಚರ್ಮ ಸುಲಿಯುತ್ತದೆ. ಚಿರತೆ ಓಡಾಟವಿದೆಯೇ ಎಂಬುದು ನೆರೆಯ ನಾಯಿಗಳ ಸಂಖ್ಯೆಯಿಂದಲೇ ತಿಳಿಯುತ್ತದೆ.

ಪಹಣಿ ತೆಗೆಸಿ

ಮಾತು ಕುದುರುವ ಮೊದಲು ಸರ್ವೆ ನಂಬರ್ ಕೇಳಿ ಪಹಣಿ ತೆಗೆದು ನೋಡಿ. ಭೂಮಿ ಜಾಲತಾಣದಲ್ಲಿ ಸಿಗುತ್ತದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ, ಎಷ್ಟು ಹೆಸರಿದೆ ಎಂಬುದು ಮುಖ್ಯ. ಜಂಟಿ ಖಾತೆಯಾದರೆ ಊರಿನಲ್ಲಿರುವ ಒಬ್ಬ ತಮ್ಮನ ಒಪ್ಪಿಗೆ ಸಾಲದು, ಮುಂಬೈಯಿಂದ ಬಂದ ಅಣ್ಣ ಚೈತ್ರದಲ್ಲಿ ದಣಪೆಗೆ ಬೀಗ ಹಾಕುತ್ತಾನೆ. 11ನೇ ಕಾಲಂನಲ್ಲಿ ಸಾಲ, ತಕರಾರು ಕಾಣಿಸಬಹುದು. ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟಿದೆ ಎಂಬುದನ್ನೂ ನೋಡಿ, ಸಾರ್ವಜನಿಕ ಬಳಕೆಯ 'ಬ' ಖರಾಬು ಮಾಲೀಕರದ್ದಲ್ಲ. ಜಾಗದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರ್ ತೋರಿಸುತ್ತದೆ. ಐದಾರು ಮೀಟರ್ ಅತ್ತಿತ್ತ ಆಗುವುದರಿಂದ ಗಡಿ ಜಗಳಕ್ಕೆ ಅದು ಸಾಕ್ಷಿಯಲ್ಲ. "ನಮ್ಮ ಬೇಣ" ಎಂದು ತೋರಿಸಿದ್ದರ ಅರ್ಧ ಅರಣ್ಯದ ಸರ್ವೆ ನಂಬರಿನಲ್ಲಿ ಬಿದ್ದಿದೆಯೇ ಎಂದು ತಿಳಿಯಲು ಮಾತ್ರ ಧಾರಾಳ ಸಾಕು.

ಕರಾರು ನೆಲಕ್ಕಲ್ಲ

ಮಾಲೀಕರು ಹಿಂಜರಿಯುವುದು ದುಡ್ಡಿಗಾಗಿ ಅಲ್ಲ, ಭಯಕ್ಕೆ. ದಿನಕರ ದೇಸಾಯಿಯವರ ಕಾಲದ ಗೇಣಿ ರೈತರ ಹೋರಾಟ ಕಂಡ ಜಿಲ್ಲೆ ಇದು. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಆ ಕಾಯಿದೆಯಿಂದ ಎಷ್ಟೋ ಕುಟುಂಬಗಳು ತಲೆ ಎತ್ತಿ ನಿಂತವು ಎಂಬುದು ಎಷ್ಟು ನಿಜವೋ, ಜಾಗ ಇನ್ನೊಬ್ಬರ ಕೈಗೆ ಕೊಟ್ಟರೆ ಹೋಯಿತು ಎಂಬ ಅಂಜಿಕೆ ಮಾಲ್ಕಿದಾರರಲ್ಲಿ ಉಳಿದಿರುವುದೂ ಅಷ್ಟೇ ನಿಜ.

ಕಾಯಿದೆಯ ಮಾತು ಹೀಗಿದೆ. ಕರ್ನಾಟಕ ಭೂಸುಧಾರಣಾ ಕಾಯಿದೆ, 1961ರ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ, ಎಷ್ಟೇ ಚಿಕ್ಕ ಅವಧಿಯಾದರೂ. ಅದರ ವ್ಯಾಖ್ಯೆಯಲ್ಲಿ ಹುಲ್ಲುಗಾವಲೂ ಜಮೀನೇ. ಹಾಗಾಗಿ ಪೇಟೆಯ ಮನೆ ಬಾಡಿಗೆಯಂತೆ "ಹನ್ನೊಂದು ತಿಂಗಳಿಗೆ ಬರೆದರೆ ಸರಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. "ಬೇಣ ಲೀಸಿಗೆ ಕೊಟ್ಟಿದ್ದೇನೆ" ಎಂದು ಬರೆದ ಕಾಗದ ಇಬ್ಬರ ಕೊರಳಿಗೂ ಸುತ್ತಿಕೊಳ್ಳುತ್ತದೆ.

ಹುಲ್ಲಿನ ಕತೆ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆ, ನಿಂತ ಬೆಳೆಯನ್ನೂ ಹುಲ್ಲನ್ನೂ ಸ್ಥಿರಾಸ್ತಿಯಿಂದ ಹೊರಗಿಟ್ಟಿದೆ. ಗದ್ದೆಯಲ್ಲಿ ನಿಂತ ಹುಲ್ಲನ್ನು ಒಂದು ಹಂಗಾಮಿಗೆ ಮಾರಬಹುದು, ಕೊಳ್ಳಬಹುದು. ನಮ್ಮ ಹಿರಿಯರು ಕರಡವನ್ನು ಹಾಗೆಯೇ ಮಾರುತ್ತಿದ್ದರು. ಆದ್ದರಿಂದ ಮಾತಿನಲ್ಲಿಯೂ ಕಾಗದದಲ್ಲಿಯೂ ಕೇಳಬೇಕಾದದ್ದು ಹುಲ್ಲನ್ನು ಮಾತ್ರ. ಹೀಗೆ ಬರೆದರೆ ಸಾಕು:

"ಸರ್ವೆ ನಂಬರ್ ಇಂಥದ್ದರಲ್ಲಿ ನನ್ನ ಮಾಲ್ಕಿಯ ಇಷ್ಟು ಗುಂಟೆ ಬೇಣದಲ್ಲಿ ಈ ಹಂಗಾಮಿಗೆ ಬೆಳೆದಿರುವ ಹುಲ್ಲನ್ನು ಮಾತ್ರ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಮೇಯಿಸಲು ಅಥವಾ ಕೊಯ್ದು ಒಯ್ಯಲು, ಇಷ್ಟು ರೂಪಾಯಿಗೆ ಮಾರಿದ್ದೇನೆ. ನೆಲದ ಸ್ವಾಧೀನ ನನ್ನಲ್ಲಿಯೇ ಇದೆ. ಕೊಂಡವರು ಉಳುಮೆ, ನಾಟಿ, ಕಟ್ಟಡ ಮಾಡುವಂತಿಲ್ಲ. ದನಗಳ ಸಂಖ್ಯೆ ಇಷ್ಟನ್ನು ಮೀರುವಂತಿಲ್ಲ. ಬೇಲಿಯ ದುರಸ್ತಿ ಇಂಥವರದು. ದನದಿಂದ ನೆರೆಯವರ ಬೆಳೆಗೆ ಹಾನಿಯಾದರೆ ಕೊಂಡವರೇ ಹೊಣೆ."

ಕೆಳಗೆ ಇಬ್ಬರ ಸಹಿ, ಇಬ್ಬರು ಸಾಕ್ಷಿ. ತಾಲ್ಲೂಕಿನ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ ಛಾಪಾ ಕಾಗದದಲ್ಲಿ ಬರೆಸಿದರೆ ಇನ್ನೂ ನಿಶ್ಚಿಂತೆ. ವರ್ಷ ವರ್ಷ ಹೊಸದಾಗಿ ಬರೆಯಿರಿ, ಹಳೆಯದನ್ನೇ ಮುಂದುವರಿಸಬೇಡಿ. ಈ ಕಾರಣಕ್ಕೇ ಇನ್ನೊಬ್ಬರ ಬೇಣದಲ್ಲಿ ನೇಪಿಯರ್ ಮೇವಿನ ಹುಲ್ಲು ನಾಟಿ ಮಾಡುವ ಆಸೆಯನ್ನೂ ಬಿಡಬೇಕು. ನಾಟಿ ಮಾಡಿದಿರೋ, ಹುಲ್ಲು ಕೊಂಡವರಾಗಿ ಉಳಿಯುವುದಿಲ್ಲ, ಸಾಗುವಳಿದಾರರಾಗುತ್ತೀರಿ. ಮಾಲೀಕರ ನಿದ್ದೆ ಕೆಡುವುದು ಅಲ್ಲಿಂದ.

ಬೆಲೆ

ಎಕರೆಗೆ ಇಷ್ಟು ಎಂಬ ದರ ನಮ್ಮಲ್ಲಿಲ್ಲ, ಇರಲೂಬಾರದು. ಒಣಹುಲ್ಲಿನ ದರದಿಂದ ಹೊರಡಿ. ಸುಮಾರು ನಾಲ್ಕು ಕಿಲೋ ಹಸಿ ಹುಲ್ಲು ಒಂದು ಕಿಲೋ ಒಣಹುಲ್ಲಿಗೆ ಸಮ. ಚೌಕ ಇಟ್ಟು ತೂಗಿದ ಲೆಕ್ಕದಿಂದ ಈ ಬೇಣ ಎಷ್ಟು ಕಿಲೋ ಒಣಹುಲ್ಲು ಉಳಿಸುತ್ತದೆ ಎಂದು ತೆಗೆಯಿರಿ. ಹಾನಗಲ್ಲಿನ ಕಡೆಯಿಂದ ಬರುವ ಹುಲ್ಲು ನಿಮ್ಮ ಅಂಗಳಕ್ಕೆ ಬಿದ್ದಾಗ ಆಗುವ ದರದಿಂದ ಗುಣಿಸಿ. ಅದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ, ಕಾಯುವ ಆಳು, ಬೇಲಿ, ನಡೆಸುವ ಶ್ರಮ ಎಲ್ಲ ನಿಮ್ಮದೇ ತಾನೆ.

ದುಡ್ಡಿಗಿಂತ ಗೊಬ್ಬರಕ್ಕೆ ಒಪ್ಪುವವರು ಘಟ್ಟದ ಮೇಲೆ ಹೆಚ್ಚು. ಅಡಿಕೆ ತೋಟದವರು ದನ ಬಿಟ್ಟ ಮೇಲೆ ಗೊಬ್ಬರಕ್ಕೆ ಲಾರಿ ದಾರಿ ಕಾಯುವಂತಾಗಿದೆ. ಹಂಗಾಮಿಗೆ ಇಷ್ಟು ಟ್ರಾಲಿ ಕೊಟ್ಟಿಗೆ ಗೊಬ್ಬರ ಎಂದರೆ ಮಾತು ಬೇಗ ಮುಗಿಯುತ್ತದೆ. ಟ್ರಾಲಿ ಅಂಚಿನ ಮಟ್ಟಕ್ಕೋ, ಗೋಪುರದ ಮಟ್ಟಕ್ಕೋ ಎಂಬುದನ್ನು ಬರೆದುಕೊಳ್ಳಿ. ಮಳೆ ಹಿಡಿಯುವ ಮೊದಲು ತಲುಪಿಸಬೇಕೆಂಬುದನ್ನೂ. ಹಾಲು ಕೊಡುತ್ತೇನೆಂದು ಮಾತ್ರ ಒಪ್ಪಿಕೊಳ್ಳಬೇಡಿ, ಹಸು ಬತ್ತಿದ ದಿನ ಬಾಂಧವ್ಯವೂ ಬತ್ತುತ್ತದೆ.

ದನ ಒಯ್ಯುವ ಮೊದಲು, ಒಯ್ದ ಮೇಲೆ

ಕಾಲುಬಾಯಿ ಜ್ವರದ ಲಸಿಕೆ ಆಗಿರಲಿ. ಬೇರೆಯವರ ದನಗಳೂ ಅಲ್ಲಿಗೆ ಬರುತ್ತವೆಯೇ ಕೇಳಿ. ಮೊದಲ ವಾರ ಒಂದೆರಡು ಗಂಟೆ ಮಾತ್ರ ಮೇಯಿಸಿ, ಹೊಟ್ಟೆ ಒಗ್ಗಿದ ಮೇಲೆ ಹೊತ್ತು ಹೆಚ್ಚಿಸಿ. ಎಳೆ ಹುಲ್ಲಿಗೆ ಹಸಿದ ಹೊಟ್ಟೆಯಲ್ಲಿ ಬಿಟ್ಟರೆ ಹೊಟ್ಟೆ ಉಬ್ಬರಿಸುತ್ತದೆ, ಒಂದಿಷ್ಟು ಒಣಹುಲ್ಲು ತಿನ್ನಿಸಿಯೇ ಹೊರಡಿಸಿ. ನೀರು ನಿಲ್ಲುವ ಬೀಳು ಗದ್ದೆಯಲ್ಲಿ ಬಸವನಹುಳು ಕಂಡರೆ ಯಕೃತ್ತಿನ ಹುಳುವಿನ ಭಯ ಉಂಟು. ಪಶುವೈದ್ಯರಿಗೆ ಸಗಣಿ ಪರೀಕ್ಷೆಗೆ ಕೊಟ್ಟು, ಅವರು ಹೇಳಿದ ಔಷಧ ಹಾಕಿಸಿ.

ಉಣುಗಿನ (ಉಣ್ಣೆಯ) ವಿಷಯದಲ್ಲಿ ಉದಾಸೀನ ಸಲ್ಲದು. ಉಣುಗು ಕಚ್ಚಿ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲ್ಲೂಕಿಗೆ ಅದು ಹೊಸದಲ್ಲ, 2024ರ ಆರಂಭದಲ್ಲಿಯೂ ಅಲ್ಲಿ ಕಾಡಿತ್ತು. ದನಗಳಿಗೆ ಅದರಿಂದ ಕಾಯಿಲೆ ಬರುವುದಿಲ್ಲ. ಆದರೆ ಕಾಡಿನಂಚಿನ ಉಣುಗನ್ನು ಅವು ಮೈಮೇಲೆ ಹೊತ್ತು ಕೊಟ್ಟಿಗೆಗೆ ತರುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೊಂದಿದ ಬೇಣ ಬೇಡವೇ ಬೇಡ ಎನ್ನುವಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ. ಹೋಗಲೇಬೇಕಾದರೆ ಕಾಯುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಲಿ, ಮನೆಗೆ ಬಂದವರೇ ಬಿಸಿನೀರು ಮಿಂದು ಬಟ್ಟೆ ನೆನೆಹಾಕಲಿ. ದನಗಳಿಗೆ ಉಣುಗಿನ ಔಷಧವನ್ನು ಪಶುವೈದ್ಯರ ಸಲಹೆಯಂತೆ ಹಾಕಿ. ಸಂಜೆ ಕೊಟ್ಟಿಗೆಗೆ ಸೇರಿಸುವ ಮೊದಲು ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಹಿಂದೆ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡಿ. ಕಿತ್ತದ್ದನ್ನು ಬೆರಳಿನಲ್ಲಿ ಹಿಸುಕದೆ ಸೀಮೆಎಣ್ಣೆಗೆ ಹಾಕಿ. ಕಾಡಿನಂಚಿನಲ್ಲಿ ಸತ್ತ ಮಂಗ ಕಂಡರೆ ಆ ಕಡೆಗೆ ದನ ಹೊಡೆಯುವುದನ್ನು ಅಂದೇ ನಿಲ್ಲಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಂಗಾಮು ಮುಗಿದಾಗ ಮಾಲೀಕರನ್ನು ಕರೆದುಕೊಂಡು ಮತ್ತೊಮ್ಮೆ ಗಡಿ ಸುತ್ತಿ, ದಣಪೆಯ ಗಳು ಹೊಸದು ಹಾಕಿದ್ದನ್ನು ತೋರಿಸಿ, ಬಾಕಿ ಚುಕ್ತಾ ಮಾಡಿ ಕಾಗದದ ಮೇಲೆ "ಲೆಕ್ಕ ಮುಗಿದಿದೆ" ಎಂದು ಇಬ್ಬರೂ ಬರೆದುಕೊಳ್ಳಿ. ಮುಂದಿನ ವರ್ಷದ ಮಾತನ್ನು ಅಂದೇ ಎತ್ತುವುದು ಬೇಡ, ಚೌತಿಗೆ ಅವರು ಬರುತ್ತಾರೆ.